ಲಿವರ್ ಕ್ಯಾನ್ಸರಿಗೆ ಒಳಗಿನಿಂದ ರೇಡಿಯೇಶನ್: ಡೋಸ್ ಲೆಕ್ಕ ಹಾಕುವುದು ಹೀಗೆ

ಲಿವರ್ ಕ್ಯಾನ್ಸರಿಗೆ ಇಟ್ರಿಯಂ-90 (ವಿಕಿರಣ ಸೂಸುವ ಒಂದು ವಸ್ತು) ಚಿಕಿತ್ಸೆ ಎಂದು ಡಾಕ್ಟರು ಹೇಳಿದಾಗ ಮನೆಯವರಿಗೆ ಒಂದು ಪ್ರಶ್ನೆ ಏಳುತ್ತದೆ. ಆಂಜಿಯೋಗ್ರಾಂ ಎರಡು ಸಲ ಯಾಕೆ? ಮೊದಲ ಸಲವೇ ಔಷಧಿ ಬಿಟ್ಟರೆ ಆಗೋದಿಲ್ವಾ? ಕೇಳುವುದು ನ್ಯಾಯವೇ. ಖರ್ಚು ಇದೆ, ರೋಗಿಗೆ ಸುಸ್ತೂ ಇದೆ. ಆದರೆ ಔಷಧಿ ಇಲ್ಲದ ಆ ಮೊದಲ ದಿನದ ಮೇಲೆಯೇ ಇಡೀ ಚಿಕಿತ್ಸೆ ನಿಂತಿದೆ.

ಈ ಚಿಕಿತ್ಸೆಯಲ್ಲಿ ವಿಕಿರಣ ತುಂಬಿದ ಪುಟಾಣಿ ಮಣಿಗಳನ್ನು ಲಿವರಿನ ರಕ್ತನಾಳಕ್ಕೆ ಬಿಡುತ್ತಾರೆ. ಗಾಜಿನ ಮಣಿಯಾದರೆ ಗಾತ್ರ 20ರಿಂದ 30 ಮೈಕ್ರಾನ್. ಆರೋಗ್ಯವಂತ ಲಿವರಿಗೆ ಮುಕ್ಕಾಲು ಪಾಲು ರಕ್ತ ಬರುವುದು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಅಭಿಧಮನಿಯಿಂದ. ಗೆಡ್ಡೆ ಮಾತ್ರ ಹೆಚ್ಚಾಗಿ ಅಪಧಮನಿಯ ರಕ್ತ ಕುಡಿದು ಬೆಳೆಯುತ್ತದೆ. ಹಾಗಾಗಿ ಅಪಧಮನಿಯಲ್ಲಿ ಬಿಟ್ಟ ಮಣಿಗಳು ಗೆಡ್ಡೆಯಲ್ಲೇ ಜಾಸ್ತಿ ಸಿಕ್ಕಿಕೊಳ್ಳುತ್ತವೆ. ಅವುಗಳ ಕಿರಣ ಮಾಂಸದಲ್ಲಿ ಸರಾಸರಿ ಎರಡೂವರೆ ಮಿಲಿಮೀಟರ್, ಹೆಚ್ಚೆಂದರೆ 11 ಮಿಲಿಮೀಟರ್ ಹೋಗುತ್ತದೆ, ಅಷ್ಟೇ.

ಮೊದಲ ಹೆಜ್ಜೆ ಅಳತೆ. ಸಿಟಿ ಅಥವಾ ಎಂಆರ್‌ಐ ಚಿತ್ರದಲ್ಲಿ ಗೆಡ್ಡೆಯ ಅಂಚನ್ನು ಪದರ ಪದರವಾಗಿ ಗುರುತಿಸಿ ಅದರ ತೂಕ ಎಷ್ಟು, ಸುತ್ತಲ ಲಿವರಿನ ತೂಕ ಎಷ್ಟು ಎಂದು ಲೆಕ್ಕ ಹಾಕುತ್ತಾರೆ.

ಎರಡನೆಯದೇ ಆ ಮೊದಲ ಆಂಜಿಯೋಗ್ರಾಂ. ಇದು ತಾಲೀಮು. ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಸಣ್ಣ ಕೊಳವೆ ತೂರಿಸಿ ಲಿವರಿನ ನಾಳ ಮುಟ್ಟುತ್ತಾರೆ. ಮಣಿಗಳ ಬದಲು ಟೆಕ್ನೀಶಿಯಂ ಎಂಬ ವಿಕಿರಣ ವಸ್ತು ಹಚ್ಚಿದ ಆಲ್ಬುಮಿನ್ (ಒಂದು ಪ್ರೋಟೀನ್) ಕಣಗಳನ್ನು ಬಿಡುತ್ತಾರೆ. ಟೆಕ್ನೀಶಿಯಂ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುವುದರಿಂದ ಭಯವಿಲ್ಲ. ಕಣಗಳು ಎಲ್ಲಿ ಕೂತವು ಎಂಬುದನ್ನು ಅವುಗಳ ಕಿರಣ ಹಿಡಿಯುವ ಸ್ಪೆಕ್ಟ್-ಸಿಟಿ ಸ್ಕ್ಯಾನ್ ತೋರಿಸುತ್ತದೆ. ಈ ಸ್ಕ್ಯಾನ್ ತಡ ಮಾಡಬಾರದು. ಹೊತ್ತಾದರೆ ಟೆಕ್ನೀಶಿಯಂ ಕಣಗಳಿಂದ ಬಿಡಿಸಿಕೊಂಡು ಜಠರದಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಮಣಿಗಳೂ ಅಲ್ಲಿಗೆ ಹೋಗುತ್ತವೇನೋ ಎಂಬ ಸುಳ್ಳು ಗಾಬರಿ. ನಿಜವಾಗಿಯೇ ಜಠರದ ಕಡೆ ಹರಿಯುತ್ತಿದ್ದರೆ ಕೊಳವೆಯ ಜಾಗ ಬದಲಿಸಬೇಕು, ಇಲ್ಲವೇ ಆ ಕವಲನ್ನು ಮುಚ್ಚಬೇಕು. ಇಲ್ಲದಿದ್ದರೆ ಹುಣ್ಣು ಕಾಡಬಹುದು. ಶ್ವಾಸಕೋಶಕ್ಕೆ ಎಷ್ಟು ಸೋರಿತು ಎಂಬುದನ್ನೂ ನೋಡುತ್ತಾರೆ. ಅಲ್ಲಿಗೆ ಒಂದು ಸಲಕ್ಕೆ 30 ಗ್ರೇ (ಅಂಗಾಂಶ ಹೀರಿದ ವಿಕಿರಣದ ಅಳತೆ) ಮೀರಬಾರದು ಎಂಬುದು ಸಾಮಾನ್ಯ ಮಿತಿ.

ಈಗ ಲೆಕ್ಕ. ಒಂದು ಕಿಲೋ ಅಂಗಾಂಶದಲ್ಲಿ ಒಂದು ಗಿಗಾಬೆಕರೆಲ್ (ವಿಕಿರಣ ವಸ್ತು ಎಷ್ಟಿದೆ ಎಂಬ ಅಳತೆ) ಇಟ್ರಿಯಂ ಕೂತು ಪೂರ್ತಿ ವಿಕಿರಣ ಸೂಸಿ ಮುಗಿದರೆ ಸುಮಾರು 50 ಗ್ರೇ ಡೋಸ್. ಮಣಿಗಳು ತಲುಪುವ ಭಾಗ 800 ಗ್ರಾಂ ಎನ್ನೋಣ. ಅದರಲ್ಲಿ ಗೆಡ್ಡೆ 200, ಒಳ್ಳೆಯ ಲಿವರ್ 600. ಪ್ರತಿ ಗ್ರಾಂ ಗೆಡ್ಡೆ ಒಳ್ಳೆಯ ಲಿವರಿನ ನಾಲ್ಕು ಪಟ್ಟು ಕಣ ಹಿಡಿದಿದೆ ಎಂದು ತಾಲೀಮಿನ ಸ್ಕ್ಯಾನ್ ಹೇಳಿತು. ಆಗ 1.54 ಗಿಗಾಬೆಕರೆಲ್ ಕೊಟ್ಟರೆ ಗೆಡ್ಡೆಗೆ 220 ಗ್ರೇ, ಒಳ್ಳೆಯ ಲಿವರಿಗೆ 55. ಇನ್ನೊಬ್ಬ ರೋಗಿಗೆ ಅಳತೆಗಳೆಲ್ಲ ಅವೇ, ಆದರೆ ಗೆಡ್ಡೆ ಎರಡೇ ಪಟ್ಟು ಹಿಡಿದಿದೆ. ಅಷ್ಟೇ ಔಷಧಿಗೆ ಗೆಡ್ಡೆಗೆ ಸಿಗುವುದು 154, ಒಳ್ಳೆಯ ಲಿವರಿಗೆ 77. ಇಡೀ 800 ಗ್ರಾಂ ಲೆಕ್ಕದಲ್ಲಿ ಇಬ್ಬರಿಗೂ ಸರಾಸರಿ 96! ಸರಾಸರಿ ನೋಡಿದರೆ ಇಬ್ಬರೂ ಒಂದೇ. ತೂಬಿನಿಂದ ಎಷ್ಟು ನೀರು ಬಿಟ್ಟೆವು ಎಂದು ಲೆಕ್ಕ ಇಟ್ಟು, ಯಾವ ಮಡಿಗೆ ಎಷ್ಟು ಹೋಯಿತು ಎಂದು ನೋಡದೆ ಬಂದ ಹಾಗಾಯಿತು ಅಲ್ವಾ?

ವ್ಯತ್ಯಾಸ ಸಣ್ಣದಲ್ಲ. ಫ್ರಾನ್ಸಿನ ರೆನ್ ನಗರದ ಎಟಿಯೆನ್ ಗಾರಾಂ ಮತ್ತು ಸಂಗಡಿಗರು ನಡೆಸಿದ ಡೋಸಿಸ್ಫಿಯರ್-01 ಅಧ್ಯಯನ 2021ರಲ್ಲಿ ಪ್ರಕಟವಾಯಿತು. ದೊಡ್ಡ ಗೆಡ್ಡೆಯ 60 ರೋಗಿಗಳು, ಗಾಜಿನ ಮಣಿಗಳು. ಒಂದು ಗುಂಪಿಗೆ ಹಳೆಯ ರೀತಿ, ಮಣಿ ತಲುಪುವ ಭಾಗಕ್ಕೆ ಸರಾಸರಿ 120 ಗ್ರೇ ಆಸುಪಾಸು. ಇನ್ನೊಂದು ಗುಂಪಿಗೆ ಗೆಡ್ಡೆಗೇ ಕನಿಷ್ಠ 205 ಗ್ರೇ ಗುರಿ. ಗೆಡ್ಡೆ ಚಿಕಿತ್ಸೆಗೆ ಬಗ್ಗಿದ್ದು ಹಳೆಯ ರೀತಿಯಲ್ಲಿ ಸುಮಾರು ಶೇ. 36 ಜನರಲ್ಲಿ, ಹೊಸದರಲ್ಲಿ ಶೇ. 71. ಆದ್ದರಿಂದ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: ಗೆಡ್ಡೆಗೆ ಎಷ್ಟು ಗ್ರೇ, ಉಳಿದ ಲಿವರಿಗೆ ಎಷ್ಟು? ಸಿರೋಸಿಸ್ (ಲಿವರ್ ಗಟ್ಟಿಯಾಗುವ ರೋಗ) ಇರುವವರಿಗೆ ಎರಡನೇ ಉತ್ತರವೇ ಹೆಚ್ಚು ಮುಖ್ಯವಾಗಬಹುದು.

ಚಿಕಿತ್ಸೆಯ ದಿನ ಕೊಳವೆಯ ತುದಿ ತಾಲೀಮಿನ ದಿನ ಇದ್ದ ಜಾಗದಲ್ಲೇ ನಿಲ್ಲಬೇಕು. ಕವಲಿನ ಹತ್ತಿರ ಸ್ವಲ್ಪ ಹಿಂದೆ ಮುಂದೆ ಆದರೂ ಹರಿವು ಬದಲಾಗಿ ಲೆಕ್ಕ ತಪ್ಪುತ್ತದೆ. ಇಟ್ರಿಯಂ 64 ಗಂಟೆಗೆ ಅರ್ಧವಾಗುವುದರಿಂದ ಮಣಿಗಳನ್ನು ತರಿಸುವಾಗಲೇ ದಿನ, ಹೊತ್ತು ಹೊಂದಿಸುತ್ತಾರೆ.

ಮಣಿ ಬಿಟ್ಟ ಮೇಲೆ ಪೆಟ್-ಸಿಟಿ ಮಾಡಿಸುವುದನ್ನು ಬಿಡಬೇಡಿ. ಇಟ್ರಿಯಂನ ಹತ್ತು ಲಕ್ಷ ಪರಮಾಣು ಒಡೆದರೆ ಪೆಟ್ ಯಂತ್ರಕ್ಕೆ ಸುಳಿವು ಕೊಡುವ ಪಾಸಿಟ್ರಾನ್ ಎಂಬ ಕಣ ಸುಮಾರು 32 ಮಾತ್ರ ಹುಟ್ಟುತ್ತವೆ. ಅಷ್ಟು ಸಣ್ಣ ಸುಳಿವನ್ನೇ ಹಿಡಿದು ಮಣಿಗಳು ನಿಜವಾಗಿ ಎಲ್ಲಿ ಕೂತಿವೆ ಎಂದು ಯಂತ್ರ ತೋರಿಸುತ್ತದೆ. ಗೆಡ್ಡೆಯ ಒಂದು ಮೂಲೆಗೆ ಡೋಸ್ ತಲುಪಿಲ್ಲ ಎಂದರೆ ಅದು ತಿಂಗಳುಗಳ ನಂತರದ ಸಿಟಿಯಲ್ಲಿ ಅಲ್ಲ, ಆ ವಾರದಲ್ಲೇ ಗೊತ್ತಾಗುತ್ತದೆ.