ತನಿಖೆ ಏನಾಯಿತೆಂದು ಕೇಳಿ ಪಡೆಯುವುದು ಹೇಗೆ?

ಎಫ್‌ಐಆರ್ ಪ್ರತಿಯನ್ನು ಬೀರುವಿನಲ್ಲಿಟ್ಟು, ಠಾಣೆಯಿಂದ ಫೋನ್ ಬರುತ್ತದೆಂದು ವರ್ಷಗಟ್ಟಲೆ ಕಾಯುವ ದೂರುದಾರರನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮಿನ ಪ್ರಕಾರ, ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸುವ ಹೊಣೆ ಪೊಲೀಸರದು.

ಮೊದಲಿಗೆ, ಉಚಿತವಾಗಿ ಸಿಗುವ ಎಫ್‌ಐಆರ್ ಪ್ರತಿಯಲ್ಲಿ ನಿಮ್ಮ ವಿಳಾಸ, ಮೊಬೈಲ್ ಸಂಖ್ಯೆ ಸರಿಯಿವೆಯೇ ನೋಡಿ. ಮನೆ ಬದಲಿಸಿದರೆ ಠಾಣೆಗೆ ಬರೆದು ತಿಳಿಸಿ. ಹಳೆಯ ಬಾಡಿಗೆ ಮನೆಗೆ ಹೋದ ನೋಟಿಸು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ.

ಎರಡನೆಯದಾಗಿ, 90 ದಿನ ಕಳೆದ ಮೇಲೆ ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿ. ಬಾಯಿಮಾತಿನ ‘ನೋಡ್ತೀವಿ’ಯನ್ನು ಉತ್ತರವೆಂದು ಒಪ್ಪಬೇಡಿ. ಇದಕ್ಕೆ ಮಾಹಿತಿ ಹಕ್ಕು ಅರ್ಜಿಯೇ ಸುಲಭದ ದಾರಿಯೆಂದು ಹೇಳುವವರುಂಟು. ತನಿಖೆಗೆ ಅಡ್ಡಿಯಾಗುವ ಮಾಹಿತಿಗೆ 8(1)(ಎಚ್) ಕಲಮಿನ ವಿನಾಯಿತಿ ಇರುವುದರಿಂದ, ತನಿಖೆ ನಡೆಯುತ್ತಿರುವಾಗ ನಾನಂತೂ ಆ ದಾರಿ ಹಿಡಿಯುವುದಿಲ್ಲ.

ದೋಷಾರೋಪ ಪಟ್ಟಿ ಸಲ್ಲಿಕೆಯಾದರೆ ಸರಿ. ಜನ ಎಡವುವುದು ಬಿ ರಿಪೋರ್ಟ್, ಅಂದರೆ ಆರೋಪಕ್ಕೆ ಆಧಾರವಿಲ್ಲ, ಪ್ರಕರಣ ಮುಗಿಸಿ ಎನ್ನುವ ಪೊಲೀಸರ ಅಂತಿಮ ವರದಿ ಬಂದಾಗ. ಪ್ರಕರಣ ಮುಕ್ತಾಯಗೊಳಿಸುವ ಮುನ್ನ ಮ್ಯಾಜಿಸ್ಟ್ರೇಟರು ದೂರುದಾರರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಆದರೆ ನೋಟಿಸು ಕೈಗೆ ಬಂದೊಡನೆ, ‘ಆಕ್ಷೇಪಣೆ ಇಲ್ಲ’ ಎಂಬ ಸಾಲನ್ನೂ ಓದದೆ, ತೋರಿಸಿದ ಜಾಗದಲ್ಲಿ ಸಹಿ ಹಾಕಿ ಬರುವವರಿದ್ದಾರೆ. ಹಾಗೆ ಮಾಡದೆ, ನ್ಯಾಯಾಲಯದಲ್ಲಿ ಅಂತಿಮ ವರದಿ ಮತ್ತು ಸಾಕ್ಷಿಗಳ ಹೇಳಿಕೆಗಳ ಪ್ರಮಾಣೀಕೃತ ಪ್ರತಿಗೆ ಅರ್ಜಿ ಹಾಕಿ, ನಿಮ್ಮ ದೂರನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡಿ. ಎದುರು ಮನೆಯ ಸಿಸಿಟಿವಿಯನ್ನು ನೀವು ದೂರಿನ 2ನೇ ಪುಟದಲ್ಲಿ ಹೆಸರಿಸಿದ್ದು, ವರದಿಯಲ್ಲಿ ಅದರ ಸುಳಿವೇ ಇಲ್ಲದಿದ್ದರೆ, ಬಿ ರಿಪೋರ್ಟನ್ನು ವಿರೋಧಿಸಿ ನ್ಯಾಯಾಲಯಕ್ಕೆ ಕೊಡುವ ತಕರಾರು ಅರ್ಜಿಯಲ್ಲಿ ಅದನ್ನೇ ಪುಟಸಂಖ್ಯೆ ಸಮೇತ ಬರೆಯಬೇಕು. ವಿಚಾರಿಸದೆ ಬಿಟ್ಟ ಸಾಕ್ಷಿ ಯಾರು, ವಶಪಡಿಸಿಕೊಳ್ಳದ ದಾಖಲೆ ಯಾವುದು, ಆರೋಪಿ ಮಾಡಿದ್ದೇನು ಎಂಬುದು ಅದರಲ್ಲಿರಲಿ. ‘ಪೊಲೀಸರು ಶಾಮೀಲಾಗಿದ್ದಾರೆ’ ಎಂಬ ಒಂದೇ ಸಾಲಿಗೆ ಬೆಲೆಯಿಲ್ಲ. ಹೆಸರು, ದಿನಾಂಕ ತುಂಬಿಸಿ ಕೊಡುವ ಸಿದ್ಧ ಮಾದರಿಯ ಅರ್ಜಿಗಳಿಗೆ ದುಡ್ಡು ಸುರಿಯಬೇಡಿ, ಅವುಗಳಲ್ಲಿ ಇರುವುದು ಆ ಒಂದೇ ಸಾಲು.

ಮ್ಯಾಜಿಸ್ಟ್ರೇಟರು ಬಿ ರಿಪೋರ್ಟನ್ನು ತಿರಸ್ಕರಿಸಿ, ನಿಮ್ಮ ಪ್ರಮಾಣ ಹೇಳಿಕೆಗೆ ದಿನ ಗೊತ್ತುಮಾಡಿದರೆ, ಮೂಲ ದಾಖಲೆಗಳೊಂದಿಗೆ ತಪ್ಪದೆ ಹಾಜರಾಗಿ.