ಬ್ರಿಟನ್ನಿನ ಟಾಪ್ 100: ವಾರದ ಏರಿಳಿತವನ್ನು ನಾನು ಲೆಕ್ಕ ಹಾಕುವ ಬಗೆ

ಬ್ರಿಟನ್ನಿನಲ್ಲಿ ಜನ ವಾರದಲ್ಲಿ ಅತಿ ಹೆಚ್ಚು ಕೇಳಿದ, ಕೊಂಡ 100 ಹಾಡುಗಳ ಪಟ್ಟಿಯಲ್ಲಿ ಒಂದು ಹಾಡಿನ ಸ್ಥಾನ ಕಳೆದ ವಾರ 20, ಈ ವಾರ 23. ಪಕ್ಕದಲ್ಲಿ ಕೆಳಮುಖದ ಬಾಣ. ಹಾಡು ಇಳಿಯಿತು ಎಂದು ಬರೆದುಕೊಂಡು ಮುಂದೆ ಹೋಗಬಹುದು, ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಆ ವಾರ ಅದರ ಮೇಲೆ 4 ಹೊಸ ಹಾಡು ಬಂದು ಕೂತು, ಮೇಲಿದ್ದ 1 ಹಾಡು ಪಟ್ಟಿಯನ್ನೇ ಬಿಟ್ಟಿದ್ದರೆ ಈ ಹಾಡು ಇದ್ದಲ್ಲೇ ಇದೆ. ಸಾಲಿನಲ್ಲಿ ಮುಂದೆ ನಾಲ್ಕು ಜನ ನುಗ್ಗಿದರೆ ಹಿಂದಿದ್ದವನು ಹಿಂದಕ್ಕೆ ನಡೆದ ಎನ್ನುವುದಿಲ್ಲವಲ್ಲ, ಹಾಗೆ.

ಅದಕ್ಕೇ ನಾನು ಬಾಣವನ್ನು ನಂಬುವುದಿಲ್ಲ, ಎರಡೂ ವಾರ ಪಟ್ಟಿಯಲ್ಲಿದ್ದ ಹಾಡುಗಳನ್ನಷ್ಟೇ ಇಟ್ಟುಕೊಂಡು ಕ್ರಮಾಂಕ ಹಾಕುತ್ತೇನೆ. ಕಳೆದ ವಾರದ 20ರಲ್ಲಿ ಹೊರಬಿದ್ದ 1 ಕಳೆದರೆ 19. ಈ ವಾರದ 23ರಲ್ಲಿ ಒಳಬಂದ 4 ಕಳೆದರೆ 19. ವ್ಯತ್ಯಾಸ ಸೊನ್ನೆ. ಈ ಅಂಕಿಗೆ ನನ್ನ ಸ್ಪ್ರೆಡ್‌ಶೀಟಿನಲ್ಲಿ ‘ಸ್ವಂತ ಚಲನೆ’ ಎಂಬ ಕಾಲಂ ಇದೆ.

ಶೀಟ್ ಸರಳ. ಪಟ್ಟಿಯ ದಿನಾಂಕ, ಈ ವಾರದ ಸ್ಥಾನ, ಕಳೆದ ವಾರದ ಸ್ಥಾನ, ಅತ್ಯುನ್ನತ ಸ್ಥಾನ, ಪಟ್ಟಿಯಲ್ಲಿ ಕಳೆದ ವಾರಗಳು, ಹಾಡು, ಗಾಯಕರು, ಕೊನೆಗೆ ನಾನೇ ಕೊಟ್ಟ ಒಂದು ಸಂಖ್ಯೆ. ಈ ಸಂಖ್ಯೆ ಬೇಕೇ ಬೇಕು. ಒಂದೇ ಹಾಡಿಗೆ ಒಂದು ವಾರ ಒಬ್ಬರ ಹೆಸರಿದ್ದು, ರೀಮಿಕ್ಸ್ ಬಂದ ಮೇಲೆ ಇಬ್ಬರ ಹೆಸರಾಗುವುದುಂಟು. ಹೆಸರನ್ನೇ ನಂಬಿ ವಿಲುಕಪ್ (ಒಂದು ಶೀಟಿನ ಹೆಸರನ್ನು ಇನ್ನೊಂದರಲ್ಲಿ ಹುಡುಕುವ ಸೂತ್ರ) ಹಾಕಿದರೆ ಹಳೆಯ ಹಾಡು ಹೊಸದಾಗಿ ಬಂದಂತೆ ಕಾಣುತ್ತದೆ. ಒಳಬಂದವನ್ನು ಎಣಿಸಲು ಕೌಂಟಿಫ್ಸ್ (ಷರತ್ತುಗಳಿಗೆ ಹೊಂದುವ ಸಾಲುಗಳನ್ನು ಎಣಿಸುವ ಸೂತ್ರ) ಸಾಕು: ಕಳೆದ ವಾರದ ಸ್ಥಾನ ಖಾಲಿ, ಈ ವಾರದ ಸ್ಥಾನ 23ಕ್ಕಿಂತ ಚಿಕ್ಕದು, ಅಂಥ ಸಾಲುಗಳೆಷ್ಟು. ಹೊರಬಿದ್ದವನ್ನು ಎಣಿಸಲು ಕಳೆದ ವಾರದ ಶೀಟಿನಲ್ಲಿ, ಈ ವಾರ ಕಾಣದ ಹಾಡುಗಳಿಗೆ ಗುರುತು ಹಾಕಿ ಅದೇ ಲೆಕ್ಕ.

ತುಂಬಿದ ಮೇಲೆ ಮೂರು ತಾಳೆ ನೋಡುತ್ತೇನೆ. ಒಳಬಂದ ಹಾಡುಗಳೂ ಹೊರಹೋದ ಹಾಡುಗಳೂ ಸಮನಾಗಿರಬೇಕು, 14 ಬಂದಿದ್ದರೆ 14 ಹೋಗಿರಲೇಬೇಕು. ಉಳಿದುಕೊಂಡ ಹಾಡಿನ ವಾರಗಳ ಎಣಿಕೆ ಸರಿಯಾಗಿ 1 ಹೆಚ್ಚಿರಬೇಕು. ಕಳೆದ ವಾರದ ಸ್ಥಾನ ಖಾಲಿಯಿದ್ದು ವಾರಗಳ ಎಣಿಕೆ 1 ಇದ್ದರೆ ಹೊಸದು, ಹೆಚ್ಚಿದ್ದರೆ ಮರುಪ್ರವೇಶ. ಇವು ಮೂರೂ ಹೊಂದಿದರೆ ಟೈಪಿಂಗ್ ತಪ್ಪು ಬಹುತೇಕ ಉಳಿದಿರುವುದಿಲ್ಲ.

ದಿನಾಂಕದಲ್ಲಿ ಎಡವುವವರು ಹೆಚ್ಚು. ಈಗಿನ ಪಟ್ಟಿಯ ವಾರ ಶುಕ್ರವಾರದಿಂದ ಗುರುವಾರ. ಶುಕ್ರವಾರ ಬ್ರಿಟನ್ನಿನಲ್ಲಿ ಸಂಜೆ 4ಕ್ಕೆ ಬಿಬಿಸಿ ರೇಡಿಯೋ 1ರಲ್ಲಿ ಪಟ್ಟಿಯ ಕಾರ್ಯಕ್ರಮ ಶುರು. ನಮ್ಮಲ್ಲಿ ಆಗ ರಾತ್ರಿ 8.30, ಚಳಿಗಾಲದಲ್ಲಿ 9.30. ಪಟ್ಟಿಯ ಮೇಲಿರುವುದು ಪ್ರಕಟವಾದ ಶುಕ್ರವಾರದ ದಿನಾಂಕ, ಒಳಗಿರುವ ಲೆಕ್ಕ ಅದರ ಹಿಂದಿನ 7 ದಿನಗಳದ್ದು. 2022ರ ಜೂನ್ 17ರ ಪಟ್ಟಿ ಎಂದರೆ ಜೂನ್ 10ರಿಂದ 16ರವರೆಗೆ ಜನ ಕೇಳಿದ್ದು, ಕೊಂಡದ್ದು. ಟಿವಿ ಕಾರ್ಯಕ್ರಮವೊಂದರಿಂದ ಹಾಡು ಏರಿತು ಎಂದು ಬರೆಯುವ ಮುನ್ನ ಇದನ್ನು ನೋಡಿಕೊಳ್ಳದಿದ್ದರೆ ಕಾರ್ಯ ಮೊದಲು, ಕಾರಣ ಆಮೇಲೆ ಆಗಿಬಿಡುತ್ತದೆ. 2015ರ ಜುಲೈವರೆಗೆ ವಾರ ಭಾನುವಾರದಿಂದ ಶನಿವಾರಕ್ಕಿತ್ತು. ಬದಲಾವಣೆಯ ಆ ಜುಲೈ 10ರ ಪಟ್ಟಿಯಲ್ಲಿ 5 ದಿನಗಳ ಲೆಕ್ಕವಷ್ಟೇ ಇದೆ. ಅಲ್ಲಿ ಮಾರಾಟದ ಅಂಕಿಯನ್ನು ಹಿಂದಿನ ವಾರಕ್ಕೆ ಹೋಲಿಸಿದರೆ ಎಲ್ಲ ಹಾಡುಗಳೂ ಕುಸಿದಂತೆ ಕಾಣುತ್ತವೆ.

ಇನ್ನು ಅಸಲು ವಿಷಯ, ಸ್ಟ್ರೀಮ್‌ಗಳ ತೂಕ. ಹಾಡನ್ನು ಆನ್‌ಲೈನಿನಲ್ಲಿ ಒಮ್ಮೆ ಕೇಳಿದರೆ ಒಂದು ಸ್ಟ್ರೀಮ್. 2014ರಲ್ಲಿ ಸಿಂಗಲ್ಸ್ (ಬಿಡಿ ಹಾಡುಗಳ) ಪಟ್ಟಿಗೆ ಸ್ಟ್ರೀಮ್ ಸೇರಿದಾಗ 100 ಸ್ಟ್ರೀಮ್‌ಗೆ 1 ಮಾರಾಟ ಎಂದಿತ್ತು, 2017ರ ಆರಂಭಕ್ಕೆ ಅದು 150 ಆಯಿತು. 2018ರ ಜುಲೈಯಿಂದ ಚಂದಾದಾರರು ಕೇಳಿದ 100ಕ್ಕೆ 1, ಉಚಿತವಾಗಿ ಕೇಳಿದ 600ಕ್ಕೆ 1. ಕನಿಷ್ಠ 30 ಸೆಕೆಂಡ್ ಕೇಳಿರಬೇಕು, ಬ್ರಿಟನ್ನಿನಲ್ಲೇ ಕೇಳಿರಬೇಕು. ಬೆಂಗಳೂರಿನಲ್ಲಿ ಕೂತು ರಾತ್ರಿಯಿಡೀ ಹಾಕಿಕೊಂಡರೆ ಬ್ಯಾಟರಿ ಖರ್ಚು ಅಷ್ಟೇ.

ಒಂದು ಹಾಡಿಗೆ ವಾರಕ್ಕೆ 30 ಲಕ್ಷ ಚಂದಾ ಸ್ಟ್ರೀಮ್, 6 ಲಕ್ಷ ಉಚಿತ ಸ್ಟ್ರೀಮ್ ಎಂದುಕೊಳ್ಳಿ. 30,000 ಮತ್ತು 1,000, ಒಟ್ಟು 31,000. ಈಗ ಎಸಿಆರ್ (ಆಕ್ಸಿಲರೇಟೆಡ್ ಚಾರ್ಟ್ ರೇಶಿಯೋ), ಅಂದರೆ ಹಳೆಯದಾಗಿ ಇಳಿಯುತ್ತಿರುವ ಹಾಡಿನ ಸ್ಟ್ರೀಮ್‌ಗಳ ತೂಕವನ್ನು ಅರ್ಧಕ್ಕಿಳಿಸುವ ನಿಯಮ ಬರುತ್ತದೆ. ಹಾಡು ಹತ್ತು ವಾರದ ಆಸುಪಾಸು ದಾಟಿ, ಅದರ ಲೆಕ್ಕ ಸತತ 3 ವಾರ ಒಟ್ಟು ಮಾರುಕಟ್ಟೆಗಿಂತ ಹೆಚ್ಚು ಇಳಿದರೆ 100 ಇದ್ದದ್ದು 200 ಆಗುತ್ತದೆ, 600 ಇದ್ದದ್ದು 1,200. ಅದೇ ಹಾಡು, ಕೇಳುಗರೂ ಅಷ್ಟೇ, ಲೆಕ್ಕ ಮಾತ್ರ 15,500. ಡೌನ್‌ಲೋಡ್ ಅಥವಾ ಸಿಡಿ ಮಾರಾಟಕ್ಕೆ ಈ ಕಡಿತವಿಲ್ಲ, ಆದರೆ ಈಗ ಬಹುಪಾಲು ಹಾಡುಗಳಿಗೆ ಆ ಪಾಲು ತೀರ ಸಣ್ಣದು. 8ರಲ್ಲಿದ್ದ ಹಾಡು ಒಂದೇ ವಾರಕ್ಕೆ 25ಕ್ಕೋ 30ಕ್ಕೋ ಬೀಳುವುದು ಹೀಗೆ. ಜನಕ್ಕೆ ಬೇಸರ ಬಂತು ಎಂದು ಬರೆದರೆ ತಪ್ಪು.

ಗುರುತು ಹಿಡಿಯುವುದು ಹೇಗೆ? ಪಟ್ಟಿಯಲ್ಲಿ ಎಸಿಆರ್ ಎಂದು ಎಲ್ಲೂ ಮುದ್ರೆ ಇರುವುದಿಲ್ಲ. ವಾರಗಳ ಕಾಲಂ 10 ದಾಟಿದ್ದು, ಸ್ವಂತ ಚಲನೆ ಒಮ್ಮೆಲೇ 10ಕ್ಕಿಂತ ಹೆಚ್ಚು ಕುಸಿದು, ಮರುವಾರ ಮತ್ತೆ ಸ್ಥಿರವಾದರೆ ನಾನು ಎಸಿಆರ್ ಎಂದು ಗುರುತು ಹಾಕುತ್ತೇನೆ. ನಿಜವಾಗಿ ಜನಪ್ರಿಯತೆ ಕಳೆದುಕೊಂಡ ಹಾಡು ಹೀಗೆ ಮೆಟ್ಟಿಲಿನಂತೆ ಬೀಳುವುದಿಲ್ಲ, ಇಳಿಜಾರಿನಂತೆ ಜಾರುತ್ತದೆ. ಸ್ಥಾನಗಳು 4, 4, 5 ಎಂದು ಸ್ಥಿರವಿದ್ದರೂ ಒಳಗೆ ಲೆಕ್ಕ ಸವೆಯುತ್ತಿರಬಹುದು. ಹಾಗಾಗಿ ಬೀಳುವ ಮುನ್ನ ಬಾಣಗಳು ಏನನ್ನೂ ಹೇಳದಿರುವ ವಾರಗಳೂ ಇವೆ.

3 ವರ್ಷಕ್ಕಿಂತ ಹಳೆಯ ಹಾಡುಗಳಿಗೆ ಈ ಕಡಿತ ಮೊದಲ ದಿನದಿಂದಲೇ. 2022ರಲ್ಲಿ ಟಿವಿ ಸರಣಿಯೊಂದರಿಂದ ಮತ್ತೆ ಎದ್ದ ಕೇಟ್ ಬುಷ್ ಅವರ 1985ರ ‘ರನ್ನಿಂಗ್ ಅಪ್ ದಟ್ ಹಿಲ್’ ಜೂನ್ 3ರಂದು 8, ಜೂನ್ 10ರಂದು 2, ಜೂನ್ 17ರಂದು 1. ಕೊನೆಯ ಆ ಒಂದು ಮೆಟ್ಟಿಲಿಗೆ ಕಾರಣ ಕೇಳುಗರಷ್ಟೇ ಅಲ್ಲ, ಹಾಡಿಗೆ ಕಡಿತದಿಂದ ವಿನಾಯಿತಿ ಸಿಕ್ಕಿತ್ತು. ಇದರ ಎದುರು ತುದಿಯಲ್ಲಿದೆ ದ ಕಿಲ್ಲರ್ಸ್ ತಂಡದ ‘ಮಿಸ್ಟರ್ ಬ್ರೈಟ್‌ಸೈಡ್’. 2004ರಲ್ಲಿ 10ಕ್ಕೇರಿದ್ದೇ ಅದರ ಅತ್ಯುನ್ನತ ಸ್ಥಾನ, ಆದರೆ ಟಾಪ್ 100ರಲ್ಲಿ 400ಕ್ಕೂ ಹೆಚ್ಚು ವಾರ ಕಳೆದಿದೆ, ಈಚಿನ ವರ್ಷಗಳಲ್ಲಂತೂ ಅರ್ಧ ತೂಕದಲ್ಲೇ. ನನ್ನ ಮಟ್ಟಿಗೆ ಯಾವ ನಂಬರ್ ಒನ್‌ಗಿಂತಲೂ ಇದು ದೊಡ್ಡ ಸಂಗತಿ.

ಒಬ್ಬ ಮುಖ್ಯ ಗಾಯಕರಿಗೆ ಪಟ್ಟಿಯಲ್ಲಿ ಹೆಚ್ಚೆಂದರೆ 3 ಹಾಡು ಎಂಬ ಮಿತಿ ಇನ್ನೊಂದು ಮೋಸಗಾರ. 2017ರ ಮಾರ್ಚ್‌ನಲ್ಲಿ ಎಡ್ ಶೀರನ್ ಅವರ ಆಲ್ಬಂ ಬಂದ ವಾರ ಟಾಪ್ 20ರಲ್ಲಿ 16 ಹಾಡು ಅವರವೇ ಆದವು. ಅದೇ ಜುಲೈಗೆ ಈ ಮಿತಿಯೂ ಎಸಿಆರ್ ಕೂಡ ಬಂದವು. ಈಗ ದೊಡ್ಡ ಗಾಯಕರ ಆಲ್ಬಂ ಬಂದ ವಾರ ಮೂರೂ ಜಾಗ ಹೊಸ ಹಾಡುಗಳಿಗೆ ಹೋಗಿ, ಅವರ ಹಳೆಯ ಹಿಟ್ ಹಾಡು 30ರಲ್ಲಿದ್ದದ್ದು ಪಟ್ಟಿಯಿಂದಲೇ ಮಾಯವಾಗುತ್ತದೆ, ಎರಡು ಮೂರು ವಾರ ಬಿಟ್ಟು ಮರುಪ್ರವೇಶ ಎಂದು ಬರುತ್ತದೆ. ಅದು ಸತ್ತೂ ಇಲ್ಲ, ಎದ್ದೂ ಇಲ್ಲ. ಇಂಥವನ್ನು ಹೊರಬಿದ್ದವುಗಳ ಲೆಕ್ಕದಲ್ಲಿ ಬೇರೆ ಬಣ್ಣದಲ್ಲಿ ಇಡುತ್ತೇನೆ. ಅತಿಥಿ ಗಾಯಕರಾಗಿ ಹೆಸರಿದ್ದರೆ ಈ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ.

ಡಿಸೆಂಬರ್ ಕೊನೆ ಮತ್ತು ಜನವರಿ ಮೊದಲ ವಾರಗಳಲ್ಲಿ ಬಾಣಗಳಿಗೆ ಅರ್ಥವೇ ಇಲ್ಲ. ವ್ಯಾಮ್ ತಂಡದ 1984ರ ‘ಲಾಸ್ಟ್ ಕ್ರಿಸ್‌ಮಸ್’ 2021ರ ಜನವರಿ 1ರ ಪಟ್ಟಿಯಲ್ಲಿ ಮೊದಲ ಬಾರಿಗೆ ನಂಬರ್ ಒನ್ ಆಯಿತು, ಮುಂದಿನ ವಾರ ಟಾಪ್ 40ರಲ್ಲೇ ಇರಲಿಲ್ಲ. ಕ್ರಿಸ್‌ಮಸ್ ಹಾಡುಗಳು ಹೀಗೆ ಒಟ್ಟಿಗೆ ಎದ್ದು ಹೋದಾಗ, ಕೆಳಗಿದ್ದ ಸಾಧಾರಣ ಹಾಡೂ 40 ಸ್ಥಾನ ಜಿಗಿಯಬಹುದು. ಸ್ವಂತ ಚಲನೆಯ ಕಾಲಂ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ.

ಸಹಿ ಹಾಕಿದ ಸಿಡಿ, ವಿನೈಲ್, ಕ್ಯಾಸೆಟ್‌ಗಳಿಂದ ಒಂದು ವಾರ ಮೇಲೆ ಬಂದು ಮರುವಾರ ಮಾಯವಾಗುವ ಹಾಡುಗಳನ್ನು ಸೇಲ್ಸ್ ಪಟ್ಟಿಯ (ಮಾರಾಟವನ್ನಷ್ಟೇ ಎಣಿಸುವ ಪಟ್ಟಿ) ಜೊತೆ ಇಟ್ಟು ನೋಡಿದರೆ ಸಾಕು. ಅಲ್ಲಿ ಅದು ಮೇಲೆ, ಸ್ಟ್ರೀಮಿಂಗ್ ಪಟ್ಟಿಯಲ್ಲಿ ಹೆಸರೇ ಇಲ್ಲ ಎಂದರೆ ವಿಷಯ ಸ್ಪಷ್ಟ.

ಹಿಂದಿನ ದಶಕಗಳಿಗೆ ಇದೇ ಶೀಟ್ ಹಾಕುವವರು ನೋಡಿಕೊಳ್ಳಬೇಕಾದ್ದು ಬೇರೆ. 1952ರ ನವೆಂಬರ್ 14ರ ಮೊದಲ ಪಟ್ಟಿಯನ್ನು ಎನ್‌ಎಂಇ ಪತ್ರಿಕೆ ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ ತಯಾರಿಸಿತು. 12 ಸ್ಥಾನ, ಸಮಬಲ ಬಂದದ್ದರಿಂದ 15 ಹಾಡು. ಸಮಬಲದ ವಾರಗಳಲ್ಲಿ ಒಳಬಂದದ್ದು, ಹೊರಹೋದದ್ದು ಸಮನಾಗುವುದಿಲ್ಲ, ಅದನ್ನು ಟೈಪಿಂಗ್ ತಪ್ಪೆಂದು ತಿದ್ದಲು ಹೋಗಬೇಡಿ. 1969ರ ಫೆಬ್ರುವರಿಗೆ ಮುನ್ನ ಒಂದಕ್ಕಿಂತ ಹೆಚ್ಚು ಪತ್ರಿಕೆಗಳು ತಂತಮ್ಮ ಪಟ್ಟಿ ಮಾಡುತ್ತಿದ್ದವು. 1963ರಲ್ಲಿ ಬೀಟಲ್ಸ್ ತಂಡದ ‘ಪ್ಲೀಸ್ ಪ್ಲೀಸ್ ಮೀ’ ಎನ್‌ಎಂಇಯಲ್ಲಿ 1, ರೆಕಾರ್ಡ್ ರಿಟೇಲರ್ ಪತ್ರಿಕೆಯಲ್ಲಿ 2. ಈ ವಾರ ಒಂದು ಪತ್ರಿಕೆಯಿಂದ, ಮುಂದಿನ ವಾರ ಇನ್ನೊಂದರಿಂದ ತೆಗೆದು ಒಂದೇ ಕಾಲಂಗೆ ತುಂಬಿದರೆ, ಎಂದೂ ನಡೆಯದ ಏರಿಳಿತ ಶೀಟಿನಲ್ಲಿ ಹುಟ್ಟಿಕೊಳ್ಳುತ್ತದೆ. 1960ರ ಮಾರ್ಚ್‌ವರೆಗೆ ಎನ್‌ಎಂಇ, ಅಲ್ಲಿಂದ ರೆಕಾರ್ಡ್ ರಿಟೇಲರ್: ಅಧಿಕೃತ ಸಂಗ್ರಹ ಹಿಡಿದಿರುವ ದಾರಿ ಇದು, ನಾನೂ ಅದನ್ನೇ ಹಿಡಿದಿದ್ದೇನೆ.