ಐದು ದಿನ ಜಿಆರ್86, ಐದು ದಿನ ಮಿಯಾಟಾ

ಮೊದಲೇ ಹೇಳಿಬಿಡುತ್ತೇನೆ, ನಾನು ರೇಸ್ ಓಡಿಸುವವನಲ್ಲ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಮನೆ, ಪಾಲೋ ಆಲ್ಟೋದಲ್ಲಿ ಆಫೀಸು, ವಾರಕ್ಕೆ ನಾಲ್ಕು ದಿನ ಹೋಗಿ ಬರಬೇಕು. ಮನೆಯಲ್ಲಿ ಒಂದು ಮಿನಿವ್ಯಾನ್ ಇದೆ. ಮಕ್ಕಳು, ಕ್ರಿಕೆಟ್ ಕಿಟ್, ತಿಂಗಳ ಸಾಮಾನು ಎಲ್ಲ ಅದರಲ್ಲೇ. 2023ರಲ್ಲಿ ನನ್ನ ಹಳೇ ಸೆಡಾನ್ ಗೇರ್‌ಬಾಕ್ಸ್ ಕೈಕೊಟ್ಟು ಮನೆ ಮುಂದೆ ನಿಂತಿತು. ರಿಪೇರಿಗೆ ಹೇಳಿದ ದುಡ್ಡು ಕೇಳಿ ಹೆಂಡತಿಯೇ "ಬಿಡಿ, ಇಷ್ಟು ವರ್ಷದಿಂದ ರಾತ್ರಿ ಕೂತ್ಕೊಂಡು ಯೂಟ್ಯೂಬಲ್ಲಿ ಏನು ನೋಡ್ತಿದೀರೋ ಅದನ್ನೇ ತಗೊಳ್ಳಿ" ಅಂದಳು. ಅವಳು ಹೇಳಿದ್ದು ತಮಾಷೆಗೆ. ನಾನು ಅದನ್ನು ಪರ್ಮಿಷನ್ ಅಂತ ತಗೊಂಡೆ.

ನಾನು ನೋಡುತ್ತಿದ್ದದ್ದು ಎರಡೇ ಸ್ಪೋರ್ಟ್ಸ್ ಕಾರು. ಒಂದು ಮಾಜ್ದಾ ಎಂಎಕ್ಸ್-5, ಎರಡೇ ಸೀಟು, ಮಾಡು (ಚಾವಣಿ) ಬಿಚ್ಚಬಹುದು, ಅಮೆರಿಕದಲ್ಲಿ ಎಲ್ಲರೂ ಮಿಯಾಟಾ ಅನ್ನುತ್ತಾರೆ, 1989ರಿಂದ ಬರುತ್ತಿದೆ. ಇನ್ನೊಂದು ಟೊಯೋಟಾ ಜಿಆರ್86. ಎರಡರಲ್ಲೂ ಇಂಜಿನ್ ಮುಂದೆ, ತಳ್ಳುವುದು ಹಿಂದಿನ ಚಕ್ರ. ಎರಡರಲ್ಲೂ ಆರು ಗೇರಿನ ಮ್ಯಾನ್ಯುವಲ್ ಸಿಗುತ್ತದೆ. ಬೆಲೆಯೂ ಹತ್ತಿರ ಹತ್ತಿರ. ಸುಬಾರು ಬಿಆರ್‌ಝಡ್ ಯಾಕೆ ನೋಡಲಿಲ್ಲ ಅಂತ ಕೇಳಬಹುದು. ಅದು ಜಿಆರ್86ರ ಅವಳಿ, ಎರಡೂ ಸುಬಾರುವಿನ ಗುನ್ಮಾ ಕಾರ್ಖಾನೆಯಿಂದಲೇ ಬರುತ್ತವೆ, ಸಸ್ಪೆನ್ಷನ್ ಮಾತ್ರ ಸ್ವಲ್ಪ ಬೇರೆ. ತಲೆಕೆಡಿಸಿಕೊಳ್ಳಲು ಎರಡು ಕಾರೇ ಸಾಕಿತ್ತು, ಮೂರನೆಯದು ಬೇಡ ಅಂತ ಬಿಟ್ಟೆ.

ಪೇಪರ್ ಮೇಲೆ ನೋಡಿದರೆ ಟೊಯೋಟಾ ಗೆದ್ದೇಬಿಡುತ್ತದೆ. 2.4 ಲೀಟರ್ ಬಾಕ್ಸರ್ ಇಂಜಿನ್, 228 ಹಾರ್ಸ್‌ಪವರ್. ಮಿಯಾಟಾದ್ದು 2 ಲೀಟರ್, 181. ಆದರೆ ತೂಕ ನೋಡಿ. ಮಿಯಾಟಾ ಸುಮಾರು 1,065 ಕೆಜಿ, ಜಿಆರ್86 ಸುಮಾರು 1,280. ಒಂದು ಟನ್‌ಗೆ ಎಷ್ಟು ಅಂತ ಲೆಕ್ಕ ಹಾಕಿದರೆ 170 ಮತ್ತು 178. ನಲವತ್ತೇಳರ ಅಂತರ ಎಂಟಕ್ಕೆ ಇಳಿಯಿತು! ಸೊನ್ನೆಯಿಂದ 60 ಮೈಲಿ ಮುಟ್ಟಲು ಎರಡಕ್ಕೂ ಆರು ಸೆಕೆಂಡಿನ ಆಸುಪಾಸು. ಹಾಗಾಗಿ ಯಾವುದು ಫಾಸ್ಟ್ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಟ್ಟೆ. ಆಫೀಸಿಗೆ ಹೋಗುವ ದಾರಿಯಲ್ಲಿ ಆ ಎಂಟು ಹಾರ್ಸ್‌ಪವರನ್ನು ಎಲ್ಲಿ ಅಂತ ಖರ್ಚು ಮಾಡಲಿ?

ಮೊದಲು ಎಲ್ಲರ ಹಾಗೆ ನಾನೂ ಶೋರೂಮಿಗೇ ಹೋದೆ. ಹದಿನೈದು ನಿಮಿಷದ ಟೆಸ್ಟ್ ಡ್ರೈವ್, ಪಕ್ಕದಲ್ಲಿ ಸೇಲ್ಸ್‌ನವನು ಸ್ಪೀಕರ್ ಎಷ್ಟಿದೆ ಅಂತ ಎಣಿಸಿ ಹೇಳುತ್ತಿದ್ದ, ಎಲ್ ಕಮೀನೋ ರಿಯಲ್ ಮೇಲೆ ಒಂದು ಸಿಗ್ನಲ್‌ನಿಂದ ಇನ್ನೊಂದು ಸಿಗ್ನಲ್‌ಗೆ ಹೋಗಿ ವಾಪಸ್. ಕಾರು ಹೊಸ ವಾಸನೆ ಬರುತ್ತಿತ್ತು ಅನ್ನುವುದು ಬಿಟ್ಟರೆ ಏನೂ ತಿಳಿಯಲಿಲ್ಲ. ವಾಪಸ್ ಬಂದು ಕೂತರೆ ಬೆಲೆಯ ಸ್ಟಿಕರ್ ಪಕ್ಕ ಇನ್ನೊಂದು ಚೀಟಿ, 'ಮಾರ್ಕೆಟ್ ಅಡ್ಜಸ್ಟ್‌ಮೆಂಟ್' ಅಂತ ನಾಲ್ಕು ಸಾವಿರ ಡಾಲರ್. ಏನಕ್ಕೆ ಅಂತ ಕೇಳಿದೆ. ಡಿಮ್ಯಾಂಡ್ ಇದೆ ಅಂದರು. ನಮಸ್ಕಾರ ಹೇಳಿ ಎದ್ದು ಬಂದೆ.

ಆಮೇಲೆ ಮಾಡಿದ ಕೆಲಸವೇ ಇಡೀ ವಿಷಯದಲ್ಲಿ ನಾನು ಮಾಡಿದ ಬುದ್ಧಿವಂತಿಕೆ ಕೆಲಸ. ಕಾರಿನ ಮಾಲೀಕರೇ ಆ್ಯಪ್‌ನಲ್ಲಿ ಬಾಡಿಗೆಗೆ ಕೊಡುತ್ತಾರಲ್ಲ, ಹಾಗೆ ಎರಡನ್ನೂ ಐದೈದು ದಿನಕ್ಕೆ ತಗೊಂಡೆ. ಎರಡೂ ಮ್ಯಾನ್ಯುವಲ್. ಸೋಮವಾರದಿಂದ ಶುಕ್ರವಾರ, ವೀಕೆಂಡ್ ಬೇಕೆಂದೇ ಬಿಟ್ಟೆ. ಭಾನುವಾರ ಬೆಳಿಗ್ಗೆ ಖಾಲಿ ಬೆಟ್ಟದ ರಸ್ತೆಯಲ್ಲಿ ನಮ್ಮ ಮಿನಿವ್ಯಾನ್ ಕೂಡ ಮಜಾ ಕೊಡುತ್ತದೆ. ನನಗೆ ಬೇಕಾಗಿದ್ದದ್ದು ಬುಧವಾರ ಸಂಜೆ ಆರಕ್ಕೆ, ತಲೆ ಚಿಟ್ಟು ಹಿಡಿದಿರುವಾಗ, ಈ ಕಾರಲ್ಲಿ ಕೂರಬೇಕು ಅನ್ನಿಸುತ್ತದಾ ಅಂತ ತಿಳಿಯುವುದು.

ಅಳೆಯಲು ಒಂದೇ ಲೆಕ್ಕ ಇಟ್ಟುಕೊಂಡೆ. ಮನೆಗೆ ವಾಪಸ್ ಬರಲು ನನಗೆ ಮೂರು ದಾರಿ. 280 ಫ್ರೀವೇ ಹಿಡಿದರೆ ಬೇಗ. ಫೂಟ್‌ಹಿಲ್ ಎಕ್ಸ್‌ಪ್ರೆಸ್‌ವೇ ಹಿಡಿದರೆ ಸಿಗ್ನಲ್ ಜಾಸ್ತಿ, ಹತ್ತು ನಿಮಿಷ ತಡ, ಆದರೆ ಮರ ಗಿಡ ಇದೆ. ಮೂರನೆಯದು ಹುಚ್ಚರ ದಾರಿ. ಪೇಜ್ ಮಿಲ್ ರೋಡ್ ಹತ್ತಿ ಸ್ಕೈಲೈನ್ ಬುಲೆವಾರ್ಡ್ ಸೇರಿ, ಬೆಟ್ಟದ ನೆತ್ತಿಯ ಮೇಲೇ ದಕ್ಷಿಣಕ್ಕೆ ಸಾರಾಟೋಗಾ ಗ್ಯಾಪ್‌ವರೆಗೆ ಹೋಗಿ, ಅಲ್ಲಿಂದ ಹೈವೇ 9ರಲ್ಲಿ ಇಳಿದು ಮನೆ, ಒಂದು ಗಂಟೆಗೂ ಜಾಸ್ತಿ. ಯಾವ ಕಾರಲ್ಲಿ ಎಷ್ಟು ಸಲ ಯಾವ ದಾರಿ ಹಿಡಿದೆ ಅಂತ ಫ್ರಿಜ್ ಮೇಲಿನ ಕ್ಯಾಲೆಂಡರ್‌ನಲ್ಲಿ ಗೀಟು ಹಾಕುತ್ತಾ ಹೋದೆ. ಅಷ್ಟೇ ಪರೀಕ್ಷೆ.

ಜಿಆರ್86 ಮೊದಲು ಬಂತು. ಕೂತ ತಕ್ಷಣ ಇಷ್ಟವಾಯಿತು. ಸೀಟು ಸೊಂಟವನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತದೆ, ಸ್ಟೀರಿಂಗ್ ಹೇಳಿದ ಕಡೆ ಹೇಳಿದಷ್ಟೇ ತಿರುಗುತ್ತದೆ, ಹಿಂದೆ ಹೆಸರಿಗಾದರೂ ಎರಡು ಸೀಟಿದೆ, ಬ್ಯಾಗು ಎಸೆಯಬಹುದು. ಇದಕ್ಕೆ ಮುಂಚಿನ ತಲೆಮಾರಿನ ಟೊಯೋಟಾ 86ರಲ್ಲಿ ಮಧ್ಯದ ಆರ್‌ಪಿಎಂನಲ್ಲಿ ಇಂಜಿನ್ ಸುಸ್ತು ಹೊಡೆಯುತ್ತಿತ್ತು ಅಂತ ಎಲ್ಲರೂ ದೂರುತ್ತಿದ್ದರು. ಇದರಲ್ಲಿ 3,700ಕ್ಕೇ ಪೂರ್ತಿ ಟಾರ್ಕ್ (ಎಳೆಯುವ ಬಲ) ಬಂದುಬಿಡುತ್ತದೆ, ಮೂರನೇ ಗೇರಿನಲ್ಲೇ ಊರೆಲ್ಲ ಸುತ್ತಬಹುದು. ಇಂಜಿನ್ ಸದ್ದನ್ನು ಸ್ಪೀಕರ್‌ನಲ್ಲಿ ಸೇರಿಸಿ ಕೇಳಿಸುತ್ತಾರೆ, ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಮದುವೆ ಮನೆಯಲ್ಲಿ ನಾದಸ್ವರದ ರೆಕಾರ್ಡ್ ಹಾಕಿದ ಹಾಗೆ.

ಮಂಗಳವಾರ ಪೇಜ್ ಮಿಲ್ ಹತ್ತಿಸಿದೆ. ಆ ರಸ್ತೆ ಕಿರಿದು, ಮೇಲೆ ಹೋದ ಹಾಗೆ ತಿರುವು ಬಿಗಿಯಾಗುತ್ತದೆ, ಪ್ರತಿ ತಿರುವಿನ ಆಚೆ ಸೈಕಲ್‌ನವರು ಇದ್ದೇ ಇರುತ್ತಾರೆ ಅಂದುಕೊಂಡೇ ಓಡಿಸಬೇಕು. ಮೂವತ್ತು, ಮೂವತ್ತೈದು ಮೈಲಿ ಅಷ್ಟೇ. ಆ ವೇಗಕ್ಕೆ ಜಿಆರ್86 ಅಲ್ಲಾಡುವುದೂ ಇಲ್ಲ. ಎಷ್ಟು ಚೆನ್ನಾಗಿ ಹಿಡಿದುಕೊಳ್ಳುತ್ತದೆ ಅಂದರೆ ನನಗೆ ಮಾಡಲು ಕೆಲಸವೇ ಇಲ್ಲ. ಅದನ್ನು ಎಬ್ಬಿಸಬೇಕಾದರೆ ಇನ್ನೂ ಇಪ್ಪತ್ತು ಮೈಲಿ ಜೋರಾಗಿ ಹೋಗಬೇಕು, ಮನೆಯಲ್ಲಿ ಇಬ್ಬರು ಮಕ್ಕಳಿರುವವನು ಆ ರಸ್ತೆಯಲ್ಲಿ ಹಾಗೆ ಹೋಗಬಾರದು. ಇಳಿಯುವಾಗ ಒಂದೇ ಅನ್ನಿಸಿದ್ದು, ಕಾರು ಸೂಪರ್, ನನ್ನ ರಸ್ತೆ ಸಾಲದು.

ವಾರದ ಕೊನೆಗೆ ಗೀಟು ನೋಡಿದೆ. ಬೆಟ್ಟ ಒಂದು, ಫೂಟ್‌ಹಿಲ್ ಒಂದು, ಉಳಿದ ಎರಡು ದಿನ ಸುಮ್ನೆ 280.

ಮುಂದಿನ ವಾರ ಮಿಯಾಟಾ. ಮೊದಲ ಬೆಳಿಗ್ಗೆಯೇ ಬೇಡಪ್ಪ ಅನ್ನಿಸಿತು. 101 ಫ್ರೀವೇಯಲ್ಲಿ ಹೋಗುವ ಕೆಲಸವಿತ್ತು, ಪಕ್ಕದಲ್ಲಿ ಟ್ರಕ್ ಬಂದರೆ ಅದರ ಚಕ್ರದ ನಟ್ಟು ನನ್ನ ಕಣ್ಣಿನ ಮಟ್ಟಕ್ಕೆ, ಬಟ್ಟೆಯ ಮಾಡು, ಫೋನ್‌ನಲ್ಲಿ ಆ ಕಡೆಯವರು "ಎಲ್ಲಿದೀಯಪ್ಪಾ, ಸಂತೇಲಾ?" ಅಂತ ಕೇಳಿದರು. ಡ್ಯಾಶ್‌ಬೋರ್ಡಿನಲ್ಲಿ ಸಾಮಾನಿಡುವ ಖಾನೆಯೇ ಇಲ್ಲ, ಅದು ಇರುವುದು ಎರಡು ಸೀಟಿನ ಮಧ್ಯೆ ಬೆನ್ನ ಹಿಂದೆ. ಕಾಫಿ ಲೋಟ ಇಡುವ ಜಾಗ ಮೊಣಕೈ ಹಿಂದೆ. ಕಾಫಿ ಕುಡಿಯಬೇಕಾದರೆ ಯೋಗಾಸನ ಬರಬೇಕು. ಇದನ್ನು ಕೊಳ್ಳುವವರಿಗೆ ಬುದ್ಧಿ ಇಲ್ಲ ಅಂತಲೇ ಆಫೀಸಿನಲ್ಲಿ ಹೇಳಿದೆ.

ಸಂಜೆ ಪಾರ್ಕಿಂಗ್‌ನಲ್ಲಿ ಮಾಡು ಬಿಚ್ಚಿದೆ. ಮೋಟಾರ್ ಗೀಟಾರ್ ಏನಿಲ್ಲ. ಗಾಜಿನ ಮೇಲ್ಗಡೆ ನಡುವೆ ಒಂದು ಹಿಡಿ, ಅದನ್ನು ತಿರುವಿ ಸಡಿಲಿಸಿ, ಮಾಡನ್ನು ಒಂದೇ ಕೈಯಲ್ಲಿ ತಲೆಯ ಹಿಂದಕ್ಕೆ ತಳ್ಳಿ ಒತ್ತಿದರೆ ಟಕ್ ಅಂತ ಕೂರುತ್ತದೆ. ಕೊಡೆ ಮಡಚಿದಷ್ಟೇ ಹೊತ್ತು. ಎರಡನೇ ದಿನದಿಂದ ಸಿಗ್ನಲ್ ಕೆಂಪಿದ್ದಾಗಲೇ ಮಾಡಿ ಮುಗಿಸುತ್ತಿದ್ದೆ. ಫೂಟ್‌ಹಿಲ್ ಎಕ್ಸ್‌ಪ್ರೆಸ್‌ವೇಗೆ ತಿರುಗಿದರೆ ನೀಲಗಿರಿ ಮರದ ವಾಸನೆ, ಯಾರದೋ ಮನೆಯ ಬಾರ್ಬೆಕ್ಯೂ ಹೊಗೆ, ಪಕ್ಕದ ಲೇನಿನ ಸೈಕಲ್ ಚೈನಿನ ಸದ್ದು ಎಲ್ಲ ಒಳಗೇ ಬಂತು. ಹನ್ನೊಂದು ವರ್ಷದಿಂದ ಅದೇ ರಸ್ತೆಯಲ್ಲಿ ಓಡಾಡಿದ್ದೇನೆ.

ಗೇರ್ ಲಿವರ್ ಬಗ್ಗೆ ಹೇಳಲೇಬೇಕು. ಗೇಣುದ್ದವೂ ಇಲ್ಲ. ಎರಡರಿಂದ ಮೂರಕ್ಕೆ ಹಾಕಲು ತೋಳು ಎತ್ತಬೇಕಿಲ್ಲ, ಮಣಿಕಟ್ಟು ಅಲ್ಲಾಡಿಸಿದರೆ ಸಾಕು, ಬಾಗಿಲಿನ ಚಿಲಕ ಬಿದ್ದ ಹಾಗೆ ಕೂರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಕೆಲಸವಿಲ್ಲದೆ ಗೇರ್ ಹಾಕುತ್ತಾ ತೆಗೆಯುತ್ತಾ ಇರುತ್ತಿದ್ದೆ.

ಪೇಜ್ ಮಿಲ್‌ನಲ್ಲಿ ಇದು ವಾಲುತ್ತದೆ. ಚೆನ್ನಾಗಿಯೇ ವಾಲುತ್ತದೆ. ರಿವ್ಯೂ ಮಾಡುವವರೆಲ್ಲ ಇದನ್ನೇ ದೋಷ ಅನ್ನುತ್ತಾರೆ. ನಾನು ಕಾರು ಕಲಿತದ್ದು ತೀರ್ಥಹಳ್ಳಿಯಲ್ಲಿ, ಅಪ್ಪನ ಮಾರುತಿ 800ರಲ್ಲಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಆ 796 ಸಿಸಿ ಡಬ್ಬಿ ಹೇಗೆ ವಾಲುತ್ತಿತ್ತು ಅಂದರೆ ಹಿಂದಿನ ಸೀಟಿನಲ್ಲಿ ಅತ್ತೆ ರಾಮ ರಾಮ ಅನ್ನುತ್ತಿದ್ದರು. ವಾಲಿದಾಗಲೇ ಗೊತ್ತಾಗುವುದು ಭಾರ ಎಲ್ಲಿ ಹೋಯಿತು, ಯಾವ ಚಕ್ರದ ಮೇಲೆ ಬಿತ್ತು, ಬ್ರೇಕ್ ಯಾವಾಗ ಬಿಡಬೇಕು ಅಂತ. ಮಿಯಾಟಾ ಮೂವತ್ತು ಮೈಲಿಯಲ್ಲೇ ಅದನ್ನೆಲ್ಲ ಹೇಳುತ್ತದೆ. ನಾನು ಸರಿಯಾಗಿ ತಿರುಗಿಸಿದರೆ ಹೇಳುತ್ತದೆ, ತಪ್ಪು ಮಾಡಿದರೂ ಹೇಳುತ್ತದೆ. ಹಿಂದೆ ಬಂದ ಎಸ್‌ಯುವಿಯವನಿಗೆ ನಾನು ನಿಧಾನ ಹೋಗುತ್ತಿದ್ದೇನೆ ಅನ್ನಿಸಿರಬೇಕು, ಜಾಗ ಬಿಟ್ಟುಕೊಟ್ಟೆ.

ಗೀಟು: ಬೆಟ್ಟ ಎರಡು, ಫೂಟ್‌ಹಿಲ್ ಎರಡು. 280 ಒಂದೂ ಇಲ್ಲ. ಎರಡನೇ ಸಲ ಬೆಟ್ಟ ಹತ್ತಿದ ದಿನ ಸ್ಕೈಲೈನ್ ಮೇಲೆ ಮಂಜು ತುಂಬಿತ್ತು, ಹೀಟರ್ ಪೂರ್ತಿ ಇಟ್ಟು ಮಾಡು ತೆಗೆದೇ ಬಂದೆ, ಮನೆಯಲ್ಲಿ ಸಾರು ಆರಿ ತಣ್ಣಗಾಗಿತ್ತು.

ಇಲ್ಲೊಂದು ಎಚ್ಚರಿಕೆ. ಬಾಡಿಗೆ ಜಿಆರ್86ಗೆ ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಟೈರಿತ್ತು, ಚೆನ್ನಾಗಿತ್ತು. ಬಾಡಿಗೆ ಮಿಯಾಟಾಗೆ ಯಾವುದೋ ಅಗ್ಗದ ಆಲ್-ಸೀಸನ್, ಅಂಚೆಲ್ಲ ಸವೆದಿತ್ತು. 101ರಲ್ಲಿ ನಾನು ಕಾರಿಗೆ ಬೈದದ್ದರಲ್ಲಿ ಅರ್ಧ ಟೈರಿಗೆ ಸೇರಬೇಕಾದ ಬೈಗುಳ. ಇದು ಗೊತ್ತಾದದ್ದು ಗುರುವಾರ, ಬಗ್ಗಿ ನೋಡಿದಾಗ. ಯಾವ ಕಾರು ಓಡಿಸಿ ನೋಡುವುದಿದ್ದರೂ ಮೊದಲು ಟೈರಿನ ಹೆಸರು ಓದಿ, ಪಕ್ಕದಲ್ಲಿ ನಾಲ್ಕಂಕಿಯ ತಯಾರಿಕೆ ವಾರ, ವರ್ಷ ಇರುತ್ತದೆ, ಅದನ್ನೂ ಓದಿ. ಆಮೇಲೆ ಗ್ರಿಪ್ ಬಗ್ಗೆ, ಸದ್ದಿನ ಬಗ್ಗೆ ಮಾತಾಡಿ.

ಆಗ ಅಮ್ಮ ಊರಿಂದ ಬಂದಿದ್ದರು. ಜಿಆರ್86ರಲ್ಲಿ ಅವರನ್ನು ಇಂಡಿಯನ್ ಅಂಗಡಿಗೆ ಕರೆದುಕೊಂಡು ಹೋದೆ. ಆ ಪಾರ್ಕಿಂಗ್ ಗೊತ್ತಲ್ಲ, ಎರಡು ಕಾರಿನ ನಡುವೆ ಒಂದು ಸೋರೆಕಾಯಿ ಹಿಡಿಯುವುದೂ ಕಷ್ಟ. ಎರಡೇ ಬಾಗಿಲಿನ ಕೂಪೆ ಆದ್ದರಿಂದ ಬಾಗಿಲು ಉದ್ದ, ಅರ್ಧಕ್ಕಿಂತ ಜಾಸ್ತಿ ತೆರೆಯಲಾಗಲಿಲ್ಲ, ಸೀರೆ ಉಟ್ಟವರು ಆ ಸಂದಿನಲ್ಲಿ ಹೇಗೆ ಏಳುವುದು? "ಏನೋ ಇದು, ಬಾವಿಗೆ ಇಳಿಸಿದ ಹಾಗಿದೆ, ಹಗ್ಗ ಕೊಡು" ಅಂದರು. ಕಾರನ್ನು ಹೊರಗೆ ತೆಗೆದು ಅವರನ್ನು ಇಳಿಸಿ ಮತ್ತೆ ಪಾರ್ಕ್ ಮಾಡಿದೆ. ಮಿಯಾಟಾ ಇದಕ್ಕಿಂತ ಮೇಲೇನಲ್ಲ, ಅದೂ ನೆಲಕ್ಕೇ ಅಂಟಿದೆ. ಆದರೆ ಮಾಡು ತೆಗೆದಿದ್ದರೆ ಮುಂದಿನ ಗಾಜಿನ ಚೌಕಟ್ಟು ಹಿಡಿದು ನೆಟ್ಟಗೆ ಎದ್ದು ನಿಲ್ಲಬಹುದು. "ಇದು ಪರವಾಗಿಲ್ಲ ಕಣೋ, ಟ್ರ್ಯಾಕ್ಟರ್ ಥರ ಇಳೀಬಹುದು" ಅಂದರು. ಹಿಂದಿನ ಡಿಕ್ಕಿ 130 ಲೀಟರ್, 20 ಪೌಂಡಿನ ಸೋನಾ ಮಸೂರಿ ಚೀಲ, ಎರಡು ತರಕಾರಿ ಚೀಲ ಹಿಡಿಸಿತು. ತೆಂಗಿನಕಾಯಿ ಅಮ್ಮನ ತೊಡೆಯ ಮೇಲೆ.

ಹಾಗಂತ ಜಿಆರ್86 ಬೇಡ ಅಂತ ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಅದೊಂದೇ ಕಾರು ಅನ್ನುವುದಾದರೆ ಯೋಚನೆ ಮಾಡದೆ ಅದನ್ನೇ ತಗೊಳ್ಳಿ. ಹಿಂದಿನ ಸೀಟು ಮಡಚಿದರೆ ನಾಲ್ಕು ಬಿಡಿ ಚಕ್ರ ಹಿಡಿಸುವಷ್ಟು ಜಾಗ ಸಿಗುತ್ತದೆ. ಲಗೂನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ನಮ್ಮದೇ ಕಾರು ಓಡಿಸುವ ಟ್ರ್ಯಾಕ್ ದಿನಕ್ಕೆ ಹೋಗುವ ಆಸೆ ಇದ್ದರೂ ಅದೇ ಸರಿ. ಗಟ್ಟಿ ಮಾಡು ಇಲ್ಲದ ಕಾರಿಗೆ ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಕಂಬಿ) ಹಾಕಿಸದೆ ಎಷ್ಟೋ ಕಡೆ ಒಳಗೆ ಬಿಡುವುದೇ ಇಲ್ಲ. ನನ್ನ ಗೆಳೆಯನೊಬ್ಬ ಮಿಯಾಟಾ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟು, ಆರಡಿ ಮೂರಂಗುಲದ ದೇಹವನ್ನು ಹೇಗೆ ಮಡಚುವುದು ಅಂತ ನೋಡಿ, ಕಾಲು ಹೊರಗೆ ತೆಗೆದು ಬಾಗಿಲು ಹಾಕಿದ. ಅವನ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಪೆಟ್ರೋಲ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮ್ಯಾನ್ಯುವಲ್‌ಗೆ ಸರ್ಕಾರಿ ಅಂಕಿ ಮಿಯಾಟಾಗೆ ಗ್ಯಾಲನ್‌ಗೆ 29 ಮೈಲಿ, ಜಿಆರ್86ಗೆ 22. ತಿಂಗಳಿಗೆ ಸಾವಿರ ಮೈಲಿ ಓಡಿಸಿದರೆ ಹನ್ನೊಂದು ಗ್ಯಾಲನ್ ವ್ಯತ್ಯಾಸ, ಆಗ ಇಲ್ಲಿ ಪ್ರೀಮಿಯಂ ಗ್ಯಾಲನ್‌ಗೆ 5 ಡಾಲರ್ ದಾಟಿತ್ತು.

ಕೊನೆಗೆ ಕೊಂಡದ್ದು 2020ರ ಮಿಯಾಟಾ ಕ್ಲಬ್, ಸೆಕೆಂಡ್ ಹ್ಯಾಂಡ್, 31,000 ಮೈಲಿ ಓಡಿದ್ದು. ಈ ತಲೆಮಾರಿನ ಮಿಯಾಟಾದಲ್ಲಿ ಹಳೇದು ಹುಡುಕುವವರು 2019 ಮತ್ತು ಆಮೇಲಿನದನ್ನೇ ನೋಡಿ. ಅಲ್ಲಿಯವರೆಗೆ ಇಂಜಿನ್ 155 ಹಾರ್ಸ್‌ಪವರ್, 6,800 ಆರ್‌ಪಿಎಂಗೇ ನಿಲ್ಲುತ್ತಿತ್ತು. 2019ರಲ್ಲಿ 181 ಆಯಿತು, 7,500ವರೆಗೆ ಎಳೆಯುತ್ತದೆ. ಅದಕ್ಕಿಂತ ಮುಖ್ಯ, ಸ್ಟೀರಿಂಗನ್ನು ಎದೆಯ ಕಡೆಗೆ ಎಳೆದುಕೊಳ್ಳುವ ಅನುಕೂಲ ಬಂದದ್ದೇ ಆ ವರ್ಷ. ನಾನು ಐದಡಿ ಹನ್ನೊಂದಂಗುಲ, ಅದಿಲ್ಲದಿದ್ದರೆ ಮೊಣಕಾಲು ಒಂದು ಕಡೆ, ಕೈ ಒಂದು ಕಡೆ. ಕ್ಲಬ್‌ನಲ್ಲಿ ಬಿಲ್‌ಸ್ಟೀನ್ ಡ್ಯಾಂಪರ್, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದು ಚಕ್ರ ಜಾರಿದರೆ ಇನ್ನೊಂದಕ್ಕೆ ಬಲ ಕೊಡುವುದು) ಇರುತ್ತದೆ, ವಾಲುವುದು ಸ್ವಲ್ಪ ಕಮ್ಮಿ, ಪೂರ್ತಿ ಹೋಗಿಲ್ಲ. ಕೊಳ್ಳುವ ಮೊದಲು ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಎತ್ತಿಸಿ ಕೆಳಗೆ ನೋಡಿಸಿದೆ. ಮೊದಲ ತಿಂಗಳೇ ಒಳ್ಳೇ ಟೈರು ಹಾಕಿಸಿದೆ, 101 ಈಗ ಸಹಿಸಿಕೊಳ್ಳಬಹುದು.

ಕಾಫಿ ಲೋಟದ ಸಮಸ್ಯೆ ಹಾಗೇ ಇದೆ. ಮಾಡಿನ ಹಿಂದುಗಡೆ ಎರಡೂ ಮೂಲೆಯಲ್ಲಿ ಮಳೆನೀರು ಇಳಿದು ಹೋಗಲು ತೂತುಗಳಿವೆ, ಅದಕ್ಕೆ ಎಲೆ, ಧೂಳು ಕಟ್ಟಿಕೊಂಡರೆ ನೀರು ಸೀಟಿನ ಹಿಂದೆ ಇಳಿಯುತ್ತದೆ. ಹೋದ ಚಳಿಗಾಲ ಗೊತ್ತಿಲ್ಲದೆ ಕಾರ್ಪೆಟ್ ನೆನೆದು ಒಂದು ವಾರ ಒದ್ದೆ ನಾಯಿಯ ವಾಸನೆ. ಈ ಸಲ ನವೆಂಬರ್ ಮಳೆ ಶುರುವಾಗುವ ಮೊದಲೇ ದಪ್ಪ ನೈಲಾನ್ ದಾರ ತೂರಿಸಿ ಕ್ಲೀನ್ ಮಾಡಬೇಕು. ದಾರ ತಂದಿಟ್ಟಿದ್ದೇನೆ, ಶನಿವಾರ ಆಗಬೇಕು.